ಸಂಪಾಜೆಯ ಇಳಿಜಾರಿನಲ್ಲಿ ಹಕ್ಕಿಗಣನೆ: ಒಂದು ವಿಮರ್ಶೆ

ಭಾರತದ ಹಕ್ಕಿಗಳ ಸ್ಥಿತಿಗತಿಯನ್ನು ಕುರಿತು ೨೦೨೩ರ ಆಗಸ್ಟಿನಲ್ಲಿ ಹೊರಬಂದ ವರದಿಯು ಸಾಮಾನ್ಯ ಶ್ರಮದ ಫಲವಲ್ಲ. ಮೂವತ್ತು ಸಾವಿರಕ್ಕೂ ಮೇಲ್ಪಟ್ಟ ವೀಕ್ಷಕರು ಕೂಡಿಹಾಕಿದ ಸುಮಾರು ಮೂರು ಕೋಟಿ ದಾಖಲೆಗಳನ್ನು ಶೋಧಿಸಿ, ೯೪೨ ಜಾತಿಗಳನ್ನು ಅದು ಪರಿಶೀಲಿಸಿದೆ. ಈ ಬಗೆಯ ಕಾರ್ಯವು ಹಿಂದೆ ಒಬ್ಬಿಬ್ಬರು ವಿದ್ವಾಂಸರ ಜೀವಮಾನವನ್ನೇ ಬೇಡುತ್ತಿದ್ದಿತು. ಈಗ ಅದು ಜನಸಮೂಹದ ಕೆಲಸವಾಗಿದೆ. ವರದಿಯ ಗುಣವನ್ನು ನಾವು ಮನಸಾರೆ ಒಪ್ಪುತ್ತೇವೆ. ನಮ್ಮ ಆಕ್ಷೇಪವಿರುವುದು ಅದನ್ನು ಉದ್ಧರಿಸುವವರ ರೀತಿಯ ಮೇಲೆ. ಅದರಲ್ಲಿಯೂ, ಘಟ್ಟದ ಹಕ್ಕಿಗಳ ಪ್ರತಿಯೊಂದು ಏರಿಳಿತಕ್ಕೂ ಹವಾಮಾನದ ಬದಲಾವಣೆಯನ್ನೇ ಕಾರಣವಾಗಿ ಹೇಳಿ ಮುಗಿಸುವ ಪ್ರವೃತ್ತಿಯ ಮೇಲೆ. ಈ ಪ್ರವೃತ್ತಿಯನ್ನು ಒಂದು ಸಣ್ಣ ಸ್ಥಳದಲ್ಲಿ ನಿಂತು ಪರೀಕ್ಷಿಸುವುದು ಯುಕ್ತವೆಂದು ನಮಗೆ ತೋರಿದೆ.

ಆ ಸ್ಥಳ ಸಂಪಾಜೆ. ಮಡಿಕೇರಿಯಿಂದ ಸುಳ್ಯಕ್ಕೆ ಇಳಿಯುವ ದಾರಿ ಘಟ್ಟವನ್ನು ಮುಗಿಸುವುದು ಇಲ್ಲಿ. ಹೆಸರು ಒಂದೇ ಆದರೂ ಊರು ಎರಡು: ಒಂದು ಕೊಡಗಿನದು, ಇನ್ನೊಂದು ಸುಳ್ಯ ತಾಲ್ಲೂಕಿನದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು ೩೮೦೦ ಅಡಿ ಎತ್ತರದಲ್ಲಿದ್ದರೆ, ಸಂಪಾಜೆ ಕೆಲವೇ ನೂರು ಅಡಿಗಳ ಮೇಲಿದೆ. ಎರಡಕ್ಕೂ ನಡುವಣ ದಾರಿ ಸುಮಾರು ಮೂವತ್ತು ಕಿಲೋಮೀಟರು. ಕೆಳಗೆ ಅಡಕೆ ಮತ್ತು ರಬ್ಬರು, ನಡುವೆ ನಿತ್ಯಹರಿದ್ವರ್ಣದ ಕಾಡು, ಮೇಲೆ ಏಲಕ್ಕಿ ಮತ್ತು ಕಾಫಿ. ತಾಪ ಏರಿದಂತೆ ಹಕ್ಕಿಗಳು ಬೆಟ್ಟವನ್ನೇರುವವೇ ಎಂಬ ಪ್ರಶ್ನೆಯನ್ನು ಕೇಳಲು ಇದಕ್ಕಿಂತ ಅನುಕೂಲವಾದ ಇಳಿಜಾರು ನಮ್ಮ ನಾಡಿನಲ್ಲಿ ವಿರಳ. ಉತ್ತರವನ್ನು ಪಡೆಯಲು ಇದಕ್ಕಿಂತ ತೊಡಕಾದುದೂ ವಿರಳ.

ಮೊದಲು ಅಂಕಿಗಳನ್ನು ನೋಡೋಣ. ‘ಭಾರತದ ಹಕ್ಕಿಗಳಲ್ಲಿ ನೂರಕ್ಕೆ ಅರವತ್ತು ಇಳಿಮುಖವಾಗಿವೆ’ ಎಂಬ ಮಾತು ವರದಿ ಪ್ರಕಟವಾದ ದಿನದಿಂದ ಭಾಷಣಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಓಡಾಡುತ್ತಿದೆ. ವರದಿ ಹೇಳಿದ್ದು ಅದಲ್ಲ. ದೀರ್ಘಕಾಲದ ಗತಿಯನ್ನು ನಿರ್ಣಯಿಸಲು ಸಾಧ್ಯವಾದ ಜಾತಿಗಳು ೩೩೮ ಮಾತ್ರ. ಅವುಗಳಲ್ಲಿ ೨೦೪ ಇಳಿದಿವೆ, ೯೮ ಸ್ಥಿರವಾಗಿವೆ, ೩೬ ಏರಿವೆ. ಉಳಿದ ಆರುನೂರಕ್ಕೂ ಹೆಚ್ಚಿನ ಜಾತಿಗಳ ವಿಷಯದಲ್ಲಿ ವರದಿಕಾರರು ಸಾಕಷ್ಟು ಆಧಾರವಿಲ್ಲವೆಂದು ಸುಮ್ಮನಾಗಿದ್ದಾರೆ. ಈ ಸುಮ್ಮನಾಗುವಿಕೆಯೇ ಆ ಗ್ರಂಥದ ಅತ್ಯುತ್ತಮ ಭಾಗವೆಂಬುದು ನಮ್ಮ ಅಭಿಪ್ರಾಯ. ಉದ್ಧರಿಸುವವರು ಕೈಬಿಡುವುದು ಅದನ್ನೇ.

ಅಳತೆಯ ರೀತಿಯನ್ನೂ ಗಮನಿಸತಕ್ಕದ್ದು. ಒಂದು ಜಾತಿ ನೂರು ಪಟ್ಟಿಗಳಲ್ಲಿ ಎಷ್ಟು ಪಟ್ಟಿಗಳಲ್ಲಿ ಕಾಣಿಸಿಕೊಂಡಿತೆಂಬುದೇ ಇಲ್ಲಿ ಮೂಲಮಾನ. ಬಯಲು ಸೀಮೆಯ ಕೆರೆಯಂಗಳಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಘಟ್ಟದಲ್ಲಿ ಹಾಗಲ್ಲ. ಇಲ್ಲಿ ವೀಕ್ಷಕನು ನಿಲ್ಲುವುದು ವಾಹನ ನಿಲ್ಲಿಸಬಹುದಾದ ತಿರುವಿನಲ್ಲಿ. ಪಟ್ಟಿಯು ದಾರಿಯ ಪಟ್ಟಿಯೇ ಹೊರತು ಇಳಿಜಾರಿನ ಪಟ್ಟಿಯಲ್ಲ. ದಾರಿಯಂಚಿನ ಬೆಳಕನ್ನು ಮೆಚ್ಚುವ ಪಿಕಳಾರವೂ ಭೀಮರಾಜನೂ ಪಟ್ಟಿಯಲ್ಲಿ ಸುಲಭವಾಗಿ ಸೇರುತ್ತವೆ. ಕಾಡಿನ ನೆಲದಲ್ಲಿ ಮಾತಿಲ್ಲದೆ ಮೇಯುವ ಹಕ್ಕಿಗೆ ಆ ಭಾಗ್ಯವಿಲ್ಲ.

ಇನ್ನು ಹವಾಮಾನದ ವಾದ. ಹಕ್ಕಿಗಳು ಮೇಲೇರುವುದು ಕಲ್ಪನೆಯೇನೂ ಅಲ್ಲ. ಪೆರು ದೇಶದ ಒಂದು ಬೆಟ್ಟದ ಏಣಿನಲ್ಲಿ ೧೯೮೫ರಲ್ಲಿ ನಡೆದ ಗಣನೆಯನ್ನು ೨೦೧೭ರಲ್ಲಿ ಅದೇ ಜಾಡಿನಲ್ಲಿ ಪುನಃ ನಡೆಸಿದಾಗ, ಹಕ್ಕಿಗಳ ನೆಲೆ ಮೇಲಕ್ಕೆ ಸರಿದುದೂ, ಶಿಖರವಾಸಿಗಳಲ್ಲಿ ಕೆಲವು ಕಾಣದೆ ಹೋದುದೂ ಸ್ಪಷ್ಟವಾಯಿತು. ಆದರೆ ಆ ನಿರ್ಣಯಕ್ಕೆ ಬಲ ಬಂದುದು ಒಂದು ಕಾರಣದಿಂದ: ನಡುವಣ ಮೂವತ್ತೆರಡು ವರ್ಷಗಳಲ್ಲಿ ಅಲ್ಲಿಯ ಕಾಡು ಕಾಡಾಗಿಯೇ ಉಳಿದಿತ್ತು. ಬದಲಾದುದು ತಾಪವೊಂದೇ ಎಂದು ಹೇಳಲು ಅವಕಾಶವಿತ್ತು.

ಸಂಪಾಜೆಯಲ್ಲಿ ಉಳಿದುದು ಯಾವುದು? ಅಡಕೆಯ ಹಳದಿ ಎಲೆ ರೋಗ ಈ ಸೀಮೆಯನ್ನು ದಶಕಗಳಿಂದ ಕಾಡುತ್ತಿದೆ. ತೋಟ ಸತ್ತ ಕಡೆ ರಬ್ಬರು ಬಂದಿದೆ. ಮೇಲೆ ಕಾಫಿಯ ನೆರಳಿಗಿದ್ದ ನಾಡಮರಗಳ ಸ್ಥಾನವನ್ನು ಎಷ್ಟೋ ಕಡೆ ಸಿಲ್ವರ್ ಓಕ್ ಆಕ್ರಮಿಸಿದೆ. ೨೦೧೮ರ ಆಗಸ್ಟಿನಲ್ಲಿ ಜೋಡುಪಾಳ, ಮದೆನಾಡು, ಮೊಣ್ಣಂಗೇರಿಗಳ ಬೆಟ್ಟಗಳೇ ಜಾರಿ ಬಿದ್ದುವು. ಜನ ಸತ್ತರು, ಮನೆಗಳು ಹೋದುವು, ಘಟ್ಟದ ದಾರಿ ಮುಚ್ಚಿತು. ಇಂತಹ ಇಳಿಜಾರಿನಲ್ಲಿ ಒಂದು ಹಕ್ಕಿ ಕೆಳಗೆ ಕಡಮೆಯಾಗಿ ಮೇಲೆ ಹೆಚ್ಚಾಗಿ ಕಂಡಿತೆನ್ನಿ. ಅದು ಬಿಸಿಲಿನಿಂದ ಓಡಿತೋ ರಬ್ಬರಿನಿಂದ ಓಡಿತೋ ಎಂದು ಪಟ್ಟಿ ಹೇಳಲಾರದು.

ನವಿಲಿನ ಉದಾಹರಣೆ ಬೋಧಪ್ರದವಾಗಿದೆ. ಒಣಸೀಮೆಯ ಹಕ್ಕಿಯೆಂದು ಹೆಸರಾದ ನವಿಲು ಕೇರಳದ ಹಸಿರಿನೊಳಗೆ ಹರಡಿರುವುದನ್ನು ಹವಾಮಾನ ಒಣಗುತ್ತಿರುವುದರ ಸೂಚಕವೆಂದು ೨೦೨೦ರ ಒಂದು ಅಧ್ಯಯನ ಪ್ರತಿಪಾದಿಸಿತು. ದಕ್ಷಿಣ ಕನ್ನಡದ ಕೃಷಿಕನೂ ಗದ್ದೆಗೆ ನವಿಲು ಬಂತೆಂದು ದೂರುತ್ತಾನೆ. ಆದರೆ ೧೯೬೩ರಲ್ಲಿ ರಾಷ್ಟ್ರಪಕ್ಷಿಯಾದ ಮೇಲೆ, ೧೯೭೨ರ ಕಾಯಿದೆಯ ರಕ್ಷಣೆ ದೊರೆತ ಮೇಲೆ, ಅದನ್ನು ಹೊಡೆಯುವ ಕೈಗಳು ಕಡಮೆಯಾದುವು. ಕಾಡು ಕಡಿದು ತೆರವಾದ ನೆಲ ಅದಕ್ಕೆ ಅಂಗಳವಾಯಿತು. ಈ ಮೂರರಲ್ಲಿ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸದೆ ನವಿಲನ್ನು ಉಷ್ಣಮಾಪಕವಾಗಿ ಬಳಸುವುದು ಸಾಧುವಲ್ಲ. ಹವಾಮಾನದ ಪಾತ್ರವನ್ನು ನಾವು ಅಲ್ಲಗಳೆಯುತ್ತಿಲ್ಲ. ಅದನ್ನು ಸಿದ್ಧಪಡಿಸಿದ ಮೇಲೆ ಹೇಳಬೇಕೆನ್ನುತ್ತೇವೆ, ಅಷ್ಟೆ.

ಇದು ಬರಿಯ ತರ್ಕದ ಜಗಳವೆಂದು ವಾಚಕರು ಭಾವಿಸಬಾರದು. ಕಾರಣ ಹವಾಮಾನವೇ ಆದರೆ ಸಂಪಾಜೆಯ ತೋಟಗಾರನು ಮಾಡಬಹುದಾದುದು ಏನೂ ಇಲ್ಲ. ಕಾರಣ ಮರವಾದರೆ ಬಹಳವಿದೆ. ಮಲಬಾರಿನ ಬೂದು ಮಂಗಟ್ಟೆಯನ್ನು ನೋಡಿ. ಪಶ್ಚಿಮ ಘಟ್ಟವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ ಈ ಹಕ್ಕಿಯನ್ನು ೨೦೨೦ರಲ್ಲಿ ಅಪಾಯಕ್ಕೀಡಾದವುಗಳ ಪಟ್ಟಿಗೆ ಏರಿಸಲಾಯಿತು. ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಕುಳಿತು ಬಾಯಿ ಮುಚ್ಚಿಕೊಳ್ಳುತ್ತದೆ; ಗಂಡು ಬಿರುಕಿನಿಂದ ಹಣ್ಣು ಊಡಿಸುತ್ತದೆ. ದೊಡ್ಡ ಮರವೂ ಆಲ, ಅತ್ತಿ, ಬಸರಿಗಳ ಹಣ್ಣೂ ಇಲ್ಲದಿದ್ದರೆ ಅದಕ್ಕೆ ಯಾವ ತಾಪವೂ ಹಿತವಲ್ಲ. ಬ್ರಹ್ಮಗಿರಿ ಮತ್ತು ವಯನಾಡಿನ ಎತ್ತರಗಳಿಗೆ ಸೀಮಿತವಾದ ಬಾಣಾಸುರ ಲಾಫಿಂಗ್‌ಥ್ರಷ್‌ನ ಪಾಡು ಬೇರೆ: ತಡಿಯಂಡಮೋಳ್‌ನ ೧೭೪೮ ಮೀಟರಿನಾಚೆ ಕೊಡಗಿನಲ್ಲಿ ಏರಲು ನೆಲವೇ ಇಲ್ಲ. ಈ ಎರಡು ಹಕ್ಕಿಗಳಿಗೆ ಒಂದೇ ಔಷಧ ಬರೆಯುವ ಲೇಖಕರನ್ನು ನಾವು ಕಂಡಿದ್ದೇವೆ.

ಹಳೆಯ ದಾಖಲೆ ಇಲ್ಲವೇ ಎಂದರೆ, ಇದೆ. ಸಲೀಂ ಅಲಿಯವರ ಮೈಸೂರು ಸಮೀಕ್ಷೆ ಆಗಿನ ಮೈಸೂರು ಸಂಸ್ಥಾನವನ್ನು ಕುರಿತದ್ದು. ಕೊಡಗು ಆಗ ಬೇರೆಯೇ ಪ್ರಾಂತವಾಗಿತ್ತು. ಆ ಕೊರತೆಯನ್ನು ತುಂಬಿದವರು ಬೆಟ್ಸ್. ಅವರ ‘ಕೊಡಗಿನ ಹಕ್ಕಿಗಳು’ ೧೯೫೧ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಎರಡು ಭಾಗಗಳಾಗಿ ಬಂದಿತು. ಅದರ ಮೇಲೆ ನಮಗೆ ಗೌರವವಿದೆ. ಆದರೆ ‘ಸಾಮಾನ್ಯ’, ‘ವಿರಳ’ ಎಂಬ ಆ ಕಾಲದ ಮಾತುಗಳನ್ನು ಇಂದಿನ ಶೇಕಡಾವಾರಿಗೆ ಪರಿವರ್ತಿಸುವ ವಿದ್ಯೆ ಯಾರಿಗೂ ಸಿದ್ಧಿಸಿಲ್ಲ. ಯಾವ ಹಕ್ಕಿ ಇತ್ತೆಂಬುದಕ್ಕೆ ಬೆಟ್ಸ್ ಸಾಕ್ಷಿ, ಎಷ್ಟಿತ್ತೆಂಬುದಕ್ಕೆ ಅಲ್ಲ.

ಬೇಕಾದ ಮಾದರಿ ಹತ್ತಿರದಲ್ಲಿಯೇ ಇದೆ. ೨೦೧೫ರಿಂದ ೨೦೨೦ರವರೆಗೆ ಕೇರಳದವರು ತಮ್ಮ ರಾಜ್ಯವನ್ನೆಲ್ಲ ಚೌಕಗಳಾಗಿ ವಿಂಗಡಿಸಿ, ಮೊದಲೇ ಗೊತ್ತುಮಾಡಿದ ಸ್ಥಳಗಳಲ್ಲಿ ಮಳೆಗಾಲಕ್ಕೊಮ್ಮೆ, ಬೇಸಗೆಗೊಮ್ಮೆ ಎಣಿಸಿ, ೩೬೧ ಜಾತಿಗಳ ಸುಮಾರು ಮೂರು ಲಕ್ಷ ದಾಖಲೆಗಳನ್ನು ಕೂಡಿಸಿದರು. ಹಕ್ಕಿ ಇರುವೆಡೆಗೆ ವೀಕ್ಷಕ ಹೋಗಲಿಲ್ಲ; ಚೌಕವಿರುವೆಡೆಗೆ ಹೋದನು. ಸಂಪಾಜೆಯ ಪಯಸ್ವಿನಿ ಸುಳ್ಯವನ್ನು ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಸಮುದ್ರ ಸೇರುತ್ತದೆ. ಒಂದೇ ಹೊಳೆಯ ಕೆಳಪಾತ್ರಕ್ಕೆ ಈ ಎಣಿಕೆ ದೊರೆಯಿತು; ರಾಜ್ಯದ ಗಡಿಗೆ ಬಂದು ಚೌಕಗಳು ನಿಂತುವು. ಅವನ್ನು ಹೊಳೆಯ ಗುಂಟ ಮೇಲಕ್ಕೆ, ಅಡಕೆ, ರಬ್ಬರು, ಕಾಡು, ಕಾಫಿ ಎಂದು ಬೇರೆಬೇರೆ ಗುರುತಿಸಿ, ಮಡಿಕೇರಿಯವರೆಗೆ ಒಯ್ಯುವುದು ಒಂದು ವಿಶ್ವವಿದ್ಯಾನಿಲಯದ ವಿಭಾಗಕ್ಕೆ ಮೀರಿದ ಕೆಲಸವಲ್ಲ. ಜೋಡುಪಾಳದಿಂದಲೇ ಆರಂಭಿಸಬಹುದು; ಆ ಇಳಿಜಾರಿನ ಮರಗಳು ಯಾವ ತಿಂಗಳು ನೆಲಕ್ಕೊರಗಿದುವೆಂಬುದಾದರೂ ನಮಗೆ ನಿಶ್ಚಯವಾಗಿ ಗೊತ್ತಿದೆ.