ಚೀಟಿಯೂ ಕಾದಂಬರಿಯೂ

ಕನ್ನಡ ಕಾದಂಬರಿಗೆ ಈಗ ನೂರು ವರ್ಷಗಳನ್ನು ಮೀರಿದ ಚರಿತ್ರೆಯುಂಟು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದಕ್ಕೂ ಮುಕ್ಕಾಲು ಶತಮಾನ ಮೊದಲು, 1823ರಲ್ಲಿ, ಕೆಂಪುನಾರಾಯಣನು 'ಮುದ್ರಾಮಂಜೂಷ'ವನ್ನು ಗದ್ಯದಲ್ಲಿ ರಚಿಸಿದ್ದನು. ಇಷ್ಟು ದೀರ್ಘವಾದ ಪರಂಪರೆಯಲ್ಲಿ ಶ್ರೇಷ್ಠವೆಂದು ಹೆಸರು ಪಡೆದ ಗ್ರಂಥಗಳು ಅನೇಕವಾಗಿರುವುದು ಸಹಜವೇ. ವಿದ್ಯಾವಂತರ ಮನೆಯ ಬೀರುವಿನಲ್ಲಿ ಇವುಗಳ ಪೈಕಿ ಹತ್ತು ಹನ್ನೆರಡಾದರೂ ಇರುವುವು. ಆದರೆ ಇರುವುದೆಲ್ಲ ಓದಿದ್ದಲ್ಲ. ಕೆಲವು ಗ್ರಂಥಗಳು ಮದುವೆಯ ಉಡುಗೊರೆಯಾಗಿ ಬಂದು, ಕೆಲವು ಪ್ರಶಸ್ತಿಯ ವಾರ್ತೆಯನ್ನು ಕೇಳಿ ಕೊಳ್ಳಲ್ಪಟ್ಟು, ಕೆಲವು ಹಿರಿಯರಿಂದ ಉಳಿದು, ಗೌರವದಿಂದ ಧೂಳು ಒರಸಿಸಿಕೊಳ್ಳುತ್ತ ನಿಂತಿರುತ್ತವೆ. ಅವುಗಳ ವಿಷಯದಲ್ಲಿ ಮನೆಯವರಿಗೆ ಅಭಿಪ್ರಾಯವುಂಟು, ಅನುಭವವಿಲ್ಲ.

ಈ ಸ್ಥಿತಿಗೆ ಸೋಮಾರಿತನವೊಂದೇ ಕಾರಣವೆನ್ನಲಾಗದು. ಯಾವುದನ್ನು ಮೊದಲು ಓದಬೇಕೆಂಬ ನಿರ್ಣಯವೇ ಎಷ್ಟೋ ಸಲ ಓದನ್ನು ತಡೆಯುತ್ತದೆ. ದೊಡ್ಡದನ್ನು ಬೇಸಗೆಯ ರಜೆಗೆಂದು ತೆಗೆದಿರಿಸುವುದು, ಹಳೆಯದನ್ನು ಮನಸ್ಸು ಶಾಂತವಾಗಿರುವಾಗ ನೋಡೋಣವೆಂದುಕೊಳ್ಳುವುದು, ದುಃಖದ ಕಥೆಯನ್ನು ಇನ್ನೊಮ್ಮೆಗೆ ತಳ್ಳುವುದು, ಹೀಗೆ ಒಂದೊಂದಕ್ಕೂ ಒಂದೊಂದು ನೆಪ ಒದಗುತ್ತದೆ. ಇದಕ್ಕೆ ಪರಿಹಾರವಾಗಿ ಕೆಲವು ಓದುಗರು ಚೀಟಿಯ ಮೊರೆಹೊಕ್ಕಿದ್ದಾರೆ. ಓದಬೇಕಾದ ಹನ್ನೆರಡೋ ಇಪ್ಪತ್ತೋ ಕಾದಂಬರಿಗಳ ಹೆಸರನ್ನು ಬರೆದು, ಮಡಿಸಿ, ಒಂದು ಪಾತ್ರೆಯಲ್ಲಿ ಹಾಕಿ ಕಲಕಿ, ಕೈಗೆ ಸಿಕ್ಕಿದ ಚೀಟಿಯ ಪುಸ್ತಕವನ್ನು ಮಾರುಮಾತಿಲ್ಲದೆ ಓದತೊಡಗುವುದು ಅವರ ಕ್ರಮ. ಸಾಹಿತ್ಯದಂಥ ಗಂಭೀರ ವಿಷಯವನ್ನು ಮಕ್ಕಳ ಆಟಕ್ಕೆ ಒಪ್ಪಿಸುವುದು ಯುಕ್ತವೆ ಎಂದು ಕೇಳುವವರು ಉಂಟು. ಪ್ರಶ್ನೆ ವಿಚಾರಯೋಗ್ಯವಾದುದು.

ಗ್ರಂಥಕ್ಕೂ ಅದೃಷ್ಟಕ್ಕೂ ಸಂಬಂಧ ಹೊಸದಲ್ಲ. ವರ್ಜಿಲ್ ಕವಿಯ ಕಾವ್ಯವನ್ನು ಕಣ್ಣುಮುಚ್ಚಿ ತೆರೆದು, ಸಿಕ್ಕಿದ ಪಂಕ್ತಿಯಲ್ಲಿ ಭವಿಷ್ಯವನ್ನು ಅರಸುವ ರೂಢಿ ಐರೋಪ್ಯರಲ್ಲಿ ಬಹುಕಾಲ ಇದ್ದಿತು. ಉತ್ತರ ಹಿಂದೂಸ್ಥಾನದಲ್ಲಿ 'ರಾಮಚರಿತಮಾನಸ'ದ ಅನೇಕ ಮುದ್ರಣಗಳಲ್ಲಿ ಅಕ್ಷರಗಳನ್ನು ತುಂಬಿದ ಮನೆಗಳ ಪ್ರಶ್ನಾವಳಿಯೊಂದು ಇರುವುದು. ಭಕ್ತನು ಅದರ ಮೇಲೆ ಬೆರಳಿಟ್ಟು ತನ್ನ ಕಾರ್ಯದ ಶುಭಾಶುಭವನ್ನು ತಿಳಿಯುತ್ತಾನೆ. ವಿಲ್ಕೀ ಕಾಲಿನ್ಸ್ 1868ರಲ್ಲಿ ಪ್ರಕಟಿಸಿದ 'ದಿ ಮೂನ್‌ಸ್ಟೋನ್' ಕಾದಂಬರಿಯಲ್ಲಿ ಬೆಟರೆಜ್ ಎಂಬ ಮುದಿ ಮನೆವಾರ್ತೆಯವನು ಕಷ್ಟ ಬಂದಾಗಲೆಲ್ಲ 'ರಾಬಿನ್ಸನ್ ಕ್ರೂಸೋ'ವನ್ನು ತೆರೆದು ಸಮಾಧಾನ ಪಡೆಯುವನು. ಆದರೆ ಇವರೆಲ್ಲರೂ ಅದೃಷ್ಟವನ್ನು ಕೇಳುವುದು ಉತ್ತರಕ್ಕಾಗಿ. ಚೀಟಿಯೆತ್ತುವ ಓದುಗನಿಗೆ ಬೇಕಾದುದು ಉತ್ತರವಲ್ಲ, ಆರಂಭ. ಪುಸ್ತಕದ ಅರ್ಥವೇನು, ಬೆಲೆಯೇನು ಎಂಬುದನ್ನು ಅವನು ಚೀಟಿಗೆ ಬಿಡುವುದಿಲ್ಲ; ಸರದಿಯನ್ನು ಮಾತ್ರ ಬಿಡುತ್ತಾನೆ.

ಈ ಭೇದವನ್ನು ಚೆನ್ನಾಗಿ ತೋರಿಸುವ ನಿದರ್ಶನವು ಸಾಹಿತ್ಯದಲ್ಲಿ ಅಲ್ಲ, ಶಾಸನದಲ್ಲಿ ದೊರೆಯುತ್ತದೆ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳರಾಜ ಒಂದನೆಯ ಪರಾಂತಕನ ಕಾಲದ, ಅಂದರೆ ಹತ್ತನೆಯ ಶತಮಾನದ ಶಾಸನಗಳಿವೆ. ಊರಿನ ಸಭೆಯ ವಾರಿಯಗಳಿಗೆ ಸದಸ್ಯರನ್ನು ಆರಿಸುವ ಕ್ರಮವನ್ನು ಅವು ವಿಧಿಸುತ್ತವೆ. ಯೋಗ್ಯರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡದಲ್ಲಿ ಹಾಕಿ, ಏನೂ ಅರಿಯದ ಬಾಲಕನೊಬ್ಬನಿಂದ ತೆಗೆಯಿಸುತ್ತಿದ್ದರು. ಆದರೆ ಓಲೆ ಕೊಡಕ್ಕೆ ಬೀಳುವ ಮೊದಲೇ ವಯಸ್ಸು, ಭೂಮಿ, ಸ್ವಂತ ಮನೆ, ವಿದ್ಯೆ, ನಡತೆ ಎಲ್ಲದರ ಪರೀಕ್ಷೆಯೂ ನಡೆದಿರಬೇಕು. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರಿಗೆ ಅಲ್ಲಿ ಎಡೆಯಿಲ್ಲ. ವಿವೇಕವು ಮಾಡಬೇಕಾದುದನ್ನು ಮಾಡಿ ಮುಗಿಸಿದ ಮೇಲೆ, ಪಕ್ಷಪಾತವು ನುಸುಳುವ ಕಡೆಯ ಬಾಗಿಲನ್ನು ಮುಚ್ಚುವುದಕ್ಕೆ ಮಾತ್ರ ಅದೃಷ್ಟವನ್ನು ಕರೆದರು. ಓದುಗನ ಪಟ್ಟಿಗೂ ಇದೇ ನ್ಯಾಯವು ಸಲ್ಲತಕ್ಕುದು.

ಆದರೆ ಓದಿನಲ್ಲಿ ನುಸುಳುವ ಪಕ್ಷಪಾತ ಯಾವುದು? ತನ್ನ ಇಷ್ಟಾನಿಷ್ಟಗಳು ಒಂದು. ಅದಕ್ಕಿಂತ ಸೂಕ್ಷ್ಮವಾದುದು ಸಾಹಿತ್ಯಚರಿತ್ರೆಯು ಕಲಿಸಿಕೊಟ್ಟ ಅನುಕ್ರಮ. ಕಾಲಾನುಸಾರವಾಗಿ ಓದುವವನು ಮೊದಲ ಪುಸ್ತಕವನ್ನು ಹಿಡಿಯುವಾಗಲೇ ಅದೊಂದು ಮೆಟ್ಟಿಲೆಂದು ತಿಳಿದಿರುತ್ತಾನೆ. ಮೆಟ್ಟಿಲನ್ನು ಯಾರೂ ನೋಡುತ್ತ ನಿಲ್ಲುವುದಿಲ್ಲ, ಹತ್ತಿಹೋಗುತ್ತಾರೆ. ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ಪ್ರಕಟಿಸಿದ 'ಮಾಡಿದ್ದುಣ್ಣೋ ಮಹಾರಾಯ'ವನ್ನು ಆರಂಭಕಾಲದ ಶ್ಲಾಘ್ಯ ಪ್ರಯತ್ನವೆಂದು ಹೊಗಳಿ ಮುಂದಕ್ಕೆ ಸಾಗುವುದು ಸುಲಭ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಹಳೆಯ ಮೈಸೂರಿನ ಮನೆ, ಬೀದಿ, ಆಡುಮಾತು ಅದರಲ್ಲಿ ಎಷ್ಟು ಜೀವದಿಂದಿವೆಯೆಂಬುದನ್ನು ಕಾಣಬೇಕಾದರೆ, ಅದರ ನಂತರ ಏನು ಬಂದಿತೆಂಬ ಚಿಂತೆಯನ್ನು ಓದುಗನು ತುಸು ಮರೆಯಬೇಕು. ಚೀಟಿಯು ಈ ಮರೆವಿಗೆ ನೆರವಾಗುತ್ತದೆ.

ಎರಡು ಜೋಡಿಗಳನ್ನು ಹೋಲಿಸಿ ನೋಡಿದರೆ ವಿಷಯವು ಸ್ಪಷ್ಟವಾದೀತು. 'ಇಂದಿರಾಬಾಯಿ'ಯೂ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ನೂ ಬಾಲವಿಧವೆಯರ ಕಥೆಗಳು. ನಡುವೆ 77 ವರ್ಷಗಳ ಅಂತರ. ಮೊದಲನೆಯದರಲ್ಲಿ ಇಂದಿರೆಯು ಕಪಟ ಸಂತರ ಕಾಟಕ್ಕೆಡೆಯಾದ ತೌರನ್ನು ಬಿಟ್ಟು ಹೊರಟು, ಅಮೃತರಾಯರ ಆಶ್ರಯದಲ್ಲಿ ವಿದ್ಯೆ ಕಲಿತು, ಭಾಸ್ಕರನನ್ನು ಮದುವೆಯಾಗುತ್ತಾಳೆ. 1976ರ 'ಫಣಿಯಮ್ಮ'ದಲ್ಲಿ ಅಂಥ ಬಿಡುಗಡೆಯಿಲ್ಲ. ತಲೆ ಬೋಳಿಸಿಕೊಂಡ ಹೆಣ್ಣೊಬ್ಬಳು ಮನೆಯವರ ಸೇವೆಯಲ್ಲಿ ನೂರು ವರ್ಷ ಮೀರಿದ ಬಾಳನ್ನು ಸವೆಸಿ, ಕಡೆಗೆ ಅದೇ ಶಾಸ್ತ್ರಕ್ಕೆ ಒಪ್ಪದ ತರುಣಿಯ ಪಕ್ಷವನ್ನು ಹಿಡಿಯುತ್ತಾಳೆ. ಕಾಲಕ್ರಮದಲ್ಲಿ ಓದಿದವನು, ಉಪದೇಶದಿಂದ ವಾಸ್ತವಕ್ಕೆ ಕಾದಂಬರಿ ಬೆಳೆಯಿತೆಂದು ತೀರ್ಮಾನಿಸಿ ತೃಪ್ತನಾಗುವನು. ಚೀಟಿಯು ಫಣಿಯಮ್ಮನನ್ನು ಮೊದಲು ತಂದುಕೊಟ್ಟರೆ ಆ ತೃಪ್ತಿ ಉಳಿಯದು. ಮಾತಿಲ್ಲದೆ ಸವೆದ ಆ ದೀರ್ಘಾಯುಷ್ಯವನ್ನು ಕಂಡು ಬಂದವನಿಗೆ, ಇಂದಿರೆ ಮನೆಯ ಹೊಸಿಲನ್ನು ದಾಟುವ ಪ್ರಸಂಗವು ಸುಧಾರಕನ ಪಾಠವಾಗಿ ತೋರುವುದಿಲ್ಲ. ಆ ಹೊಸಿಲಿನ ಎತ್ತರ ಎಷ್ಟೆಂಬುದು ಅವನಿಗೆ ಆಗಲೇ ಗೊತ್ತಾಗಿರುತ್ತದೆ. ಹಳೆಯ ಕಾದಂಬರಿಯ ಸಂಭಾಷಣೆಗಳ ಬಿಗಿತವೂ ದೀರ್ಘ ವ್ಯಾಖ್ಯಾನಗಳೂ ಹಾಗೆಯೇ ಉಳಿಯುತ್ತವೆ. ಆದರೆ ಅವುಗಳ ಹಿಂದಿನ ಆತುರವು ಅರ್ಥವಾಗುತ್ತದೆ.

ಎರಡನೆಯ ಜೋಡಿ ಶಿವರಾಮ ಕಾರಂತರ 'ಚೋಮನ ದುಡಿ' ಮತ್ತು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 1933ರ ಚೋಮನಿಗೆ ಎತ್ತುಗಳಿವೆ, ಉಳುವುದಕ್ಕೆ ಭೂಮಿಯಿಲ್ಲ. ಅಸ್ಪೃಶ್ಯನಾದವನಿಗೆ ಗೇಣಿಗೂ ಗದ್ದೆ ದೊರೆಯದು. ಮಗ ನೀಲನು ಹೊಳೆಯಲ್ಲಿ ಮುಳುಗುತ್ತಿರುವಾಗಲೂ ದಡದ ಮೇಲಿನವರನ್ನು ಮಡಿ ತಡೆಯುತ್ತದೆ. 1967ರ 'ಮಲೆಗಳಲ್ಲಿ ಮದುಮಗಳು' ಗ್ರಂಥದ ಗುತ್ತಿಯೂ ಹೊಲೆಯರವನೇ. ಆದರೆ ಹುಲಿಯನೆಂಬ ನಾಯಿಯನ್ನು ಜೊತೆಗಿಟ್ಟುಕೊಂಡು, ತಿಮ್ಮಿಯನ್ನು ಹಾರಿಸಿಕೊಂಡು ಬರಲು ಕಾಡುದಾರಿಯಲ್ಲಿ ನಡೆಯುವ ಅವನಲ್ಲಿ ನಗೆಯೂ ಚೆಲ್ಲಾಟವೂ ಉಂಟು. ಚೋಮನನ್ನು ಮೊದಲು ಓದಿದವನು ಗುತ್ತಿಯ ನಗೆಯನ್ನು ಕಂಡು ಶಂಕಿಸಿಯಾನು; ಮಲೆನಾಡಿನ ಹೆಗ್ಗಡೆಗಳ ಮನೆಯಂಗಳದಿಂದ ನೋಡಿದ ನಗೆಯಲ್ಲವೆ ಇದು ಎಂದು ಕೇಳಿಯಾನು. ಗುತ್ತಿಯನ್ನು ಮೊದಲು ಓದಿದವನಿಗೆ ಚೋಮನ ಗುಡಿಸಲು ಉಸಿರುಕಟ್ಟಿಸುವಷ್ಟು ಕಿರಿದಾಗಿ ತೋರುತ್ತದೆ. ನಗಬಲ್ಲ ಮನುಷ್ಯನೊಬ್ಬನನ್ನು ಈ ಮೌನಕ್ಕೆ ದೂಡಿದುದು ಏನೆಂದು ಅವನು ಕೇಳುತ್ತಾನೆ. ಎರಡು ಪ್ರಶ್ನೆಗಳೂ ನ್ಯಾಯವಾದವು. ಆದರೆ ಒಂದೇ ಸರದಿಯಲ್ಲಿ ಓದುವ ಸಮಾಜವು ಒಂದೇ ಪ್ರಶ್ನೆಯನ್ನು ಕೇಳುತ್ತ ಉಳಿಯುವುದು. ಮನೆಮನೆಗೆ ಸರದಿ ಬೇರೆಯಾದರೆ ವಿಮರ್ಶೆಗೆ ಬೇರೆ ಬೇರೆ ಕಣ್ಣುಗಳು ಬರುತ್ತವೆ. ಚೀಟಿಯಿಂದ ಆಗುವ ಮುಖ್ಯ ಪ್ರಯೋಜನ ಇದೇ.

ಆಕ್ಷೇಪಣೆಗಳು ಇಲ್ಲದಿಲ್ಲ. ಕೆಲವು ಗ್ರಂಥಗಳು ಪೂರ್ವಸಿದ್ಧತೆಯನ್ನು ಬೇಡುತ್ತವೆ. ಭಾರತದ ಕಥೆಯನ್ನೇ ಅರಿಯದವನಿಗೆ ಭೈರಪ್ಪನವರ 'ಪರ್ವ' ದೊರೆತರೆ, ಅಲ್ಲಿ ಏನನ್ನು ಕಳಚಿ ಇಡಲಾಗಿದೆಯೆಂಬುದೇ ಅವನಿಗೆ ಕಾಣಿಸದು. 'ಮುದ್ರಾಮಂಜೂಷ'ದ ಭಾಷೆಯು ಹಳೆಯ ಕನ್ನಡದ ಪರಿಚಯವಿಲ್ಲದವರನ್ನು ಮೊದಲ ಪುಟದಲ್ಲಿಯೇ ಹಿಂದಕ್ಕೆ ತಳ್ಳಬಹುದು. ಇದು ನಿಜ. ಆದರೆ ಇದು ಪಟ್ಟಿಯನ್ನು ಮಾಡುವಾಗ ಯೋಚಿಸಬೇಕಾದ ಮಾತು, ಚೀಟಿಯ ದೋಷವಲ್ಲ. ಇನ್ನು, ಮನಸ್ಸಿನ ಹದವನ್ನು ಅರಿತು ಪುಸ್ತಕವನ್ನು ಆರಿಸಬೇಕೆಂಬ ವಾದಕ್ಕೆ ಅರ್ಧ ಬಲ ಮಾತ್ರ ಉಂಟು. ಶ್ರೇಷ್ಠವಾದ ಕಾದಂಬರಿಯು ಮನಸ್ಸಿನ ಹದವನ್ನು ಹುಡುಕಿಕೊಂಡು ಬರುವುದಿಲ್ಲ, ತಾನೇ ಹದಮಾಡುತ್ತದೆ. ಮನೆಯಲ್ಲಿ ಹೊಸದಾಗಿ ಸಾವೋ ರೋಗವೋ ಸಂಭವಿಸಿದ್ದರೆ ಮಾತು ಬೇರೆ. ಅಂಥ ವೇಳೆಯಲ್ಲಿ ಚೀಟಿಯನ್ನು ಮರಳಿ ಪಾತ್ರೆಗೆ ಹಾಕುವುದೇ ಮನುಷ್ಯಧರ್ಮ.

ನಿಜವಾದ ಅಪಾಯವು ಮತ್ತೊಂದೆಡೆ ಇದೆ. ಬಂದ ಚೀಟಿ ಹಿಡಿಸದೆ ಇನ್ನೊಂದನ್ನು ಎತ್ತಿ, ಅದೂ ಬೇಡವೆಂದು ಮೂರನೆಯದನ್ನು ಬಿಡಿಸುವವನು ತನ್ನ ಇಷ್ಟಕ್ಕೇ ಅದೃಷ್ಟದ ಮುಸುಕನ್ನು ಹೊದಿಸುತ್ತಾನೆ. ಹಾಗೆಯೇ, ಇಷ್ಟವಾದ ತೆಳು ಪುಸ್ತಕಗಳಿಂದಲೇ ಪಟ್ಟಿಯನ್ನು ತುಂಬಿದವನಿಗೆ ಚೀಟಿ ಯಾವುದಾದರೇನು? ಪಟ್ಟಿಯಲ್ಲಿ ಅಂಜಿಕೆಯನ್ನು ಹುಟ್ಟಿಸುವ ಪುಸ್ತಕವೊಂದು, ಅಪ್ರಿಯವಾದ ಮತವನ್ನು ಹೇಳುವುದೊಂದು, ಅಂಗಡಿಯಲ್ಲಿ ದೊರೆಯದೆ ಪುಸ್ತಕಾಲಯಗಳಲ್ಲಿ ಹುಡುಕಬೇಕಾದುದೊಂದು ಇರಲೇಬೇಕು. 1905ರಲ್ಲಿ ಬಂದ ಬೋಳಾರ ಬಾಬೂರಾಯರ 'ವಾಗ್ದೇವಿ'ಯನ್ನು ಎಷ್ಟು ಮಂದಿ ಕೇಳಿ ಪಡೆಯುತ್ತಾರೆ? ಕೇಳುವವರಿಲ್ಲದ ಗ್ರಂಥವು ಕ್ರಮೇಣ ಅಲಮಾರಿನಿಂದಲೂ ನೆನಪಿನಿಂದಲೂ ಜಾರಿಹೋಗುವುದು. ಚೀಟಿಯ ನೆವದಿಂದಲಾದರೂ ಒಬ್ಬ ಓದುಗನು ಅದನ್ನು ಕೇಳಿದರೆ, ಆ ಗ್ರಂಥಕ್ಕೆ ಅಷ್ಟು ಆಯುಷ್ಯ ಹೆಚ್ಚಿದಂತೆ.

ಮನೆಯವರೆಲ್ಲ ಸೇರಿ ಒಂದು ಪಟ್ಟಿಯನ್ನು ಮಾಡಿ, ಉತ್ತರಮೇರೂರಿನವರಂತೆ ಮನೆಯ ಮಗುವಿನ ಕೈಯಿಂದ ಚೀಟಿ ತೆಗೆಯಿಸಿ, ಎರಡು ತಿಂಗಳಿನ ಗಡುವಿನಲ್ಲಿ ಒಂದೇ ಪ್ರತಿಯನ್ನು ಸರದಿಯ ಮೇಲೆ ಓದಿ, ರಾತ್ರಿಯ ಊಟವಾದ ಮೇಲೆ ಚರ್ಚಿಸುವ ಪದ್ಧತಿ ಬೆಳೆದರೆ ಒಳ್ಳೆಯದು. ಅಲ್ಲಿ ಅತ್ತೆಗೆ ಹಿಡಿಸಿದುದು ಸೊಸೆಗೆ ಹಿಡಿಸದಿರಬಹುದು; 'ಫಣಿಯಮ್ಮ'ದ ವಿಷಯದಲ್ಲಿ ಅಜ್ಜಿಯು ಹೇಳುವ ಮಾತು ಯಾವ ವಿಮರ್ಶಕನಿಗೂ ತಿಳಿಯದ ಮಾತಾಗಿರಬಹುದು. ಓದಿ ಮುಗಿಸಿದ ಗ್ರಂಥವು ಹಿಡಿಸಲಿಲ್ಲವೆಂದು ಹೇಳುವ ಹಕ್ಕು ಎಲ್ಲರಿಗೂ ಉಂಟು. ಓದದೆ ಹೊಗಳುವುದಕ್ಕಿಂತ, ಓದಿ ಒಪ್ಪದಿರುವುದು ಗ್ರಂಥಕರ್ತನಿಗೆ ಸಲ್ಲಿಸುವ ಹೆಚ್ಚಿನ ಗೌರವ. ಯಾವ ಪುಸ್ತಕವು ಯಾವಾಗ ಕೈಗೆ ಬರಬೇಕೆಂಬುದನ್ನು ಅದೃಷ್ಟಕ್ಕೆ ಬಿಟ್ಟರೆ ನಷ್ಟವಿಲ್ಲ. ಬಂದುದನ್ನು ಮೊದಲಿನಿಂದ ಕಡೆಯವರೆಗೆ ಓದುವ ಶ್ರಮವನ್ನು ಮಾತ್ರ ಯಾವ ಚೀಟಿಯೂ ಓದುಗನ ಪರವಾಗಿ ಮಾಡಿಕೊಡಲಾರದು.