ಜಪಾನೀಯರ ಓಲೆಗಾಗದದಲ್ಲಿ ಮಂಗಳಚಿಹ್ನೆಗಳು

ಜಪಾನ್ ದೇಶದ ಓಲೆಗಾಗದ, ಲಕ್ಕೋಟೆ, ಟಿಪ್ಪಣಿಪುಸ್ತಕ ಮೊದಲಾದವುಗಳ ಮೇಲೆ ಅಚ್ಚಾಗುವ ಕ್ರೌಂಚ, ಆಮೆ, ಪೈನ್‌ಮರ ಮುಂತಾದ ಮಂಗಳಚಿಹ್ನೆಗಳನ್ನು ವಿವರಿಸುವವರು ಸಾಮಾನ್ಯವಾಗಿ ನಿಘಂಟಿನ ಮಾರ್ಗವನ್ನು ಹಿಡಿಯುವರು. ಕ್ರೌಂಚಕ್ಕೆ ಸಾವಿರ ವರ್ಷ, ಆಮೆಗೆ ಹತ್ತು ಸಾವಿರ ವರ್ಷವೆಂಬ ಲೋಕೋಕ್ತಿಯಿರುವುದರಿಂದ ಇವೆರಡೂ ದೀರ್ಘಾಯುಸ್ಸಿನ ಗುರುತುಗಳೆಂದು ಹೇಳಿ ಮುಗಿಸುವರು. ಈ ವಿವರಣೆ ಸುಳ್ಳಲ್ಲ; ಆದರೆ ಸಾಲದು. ಚಿಹ್ನೆಯು ಪದದಂತೆ. ಅದಕ್ಕೆ ಅರ್ಥವನ್ನು ಕೊಡತಕ್ಕುದು ಅದು ಬಂದಿರುವ ವಾಕ್ಯ.

ಮೊದಲನೆಯದಾಗಿ, ಈ ಚಿಹ್ನೆಗಳಲ್ಲಿ ಹಲವು ಹುಟ್ಟಿರುವುದೇ ಶ್ಲೇಷದಿಂದ. ತೈ ಎಂಬ ಮೀನು ಶುಭವಾದುದು, ಮಂಗಳಕರವೆಂಬ ಅರ್ಥದ ‘ಮೆದೆತೈ’ ಪದದ ಕೊನೆಯಲ್ಲಿ ಅದರ ಹೆಸರು ಕೇಳಿಬರುವುದರಿಂದ. ‘ಕಾಎರು’ ಎಂದರೆ ಕಪ್ಪೆಯೂ ಹೌದು, ಹಿಂದಿರುಗುವುದೂ ಹೌದು. ಆದುದರಿಂದ ಕಪ್ಪೆಯು ಪ್ರಯಾಣಿಕನು ಕ್ಷೇಮವಾಗಿ ಮರಳಲೆಂಬ ಹಾರೈಕೆ. ಗೂಬೆಯನ್ನು ಅಪಶಕುನವೆಂದೆಣಿಸುವ ನಮ್ಮ ನಾಡಿನ ಓದುಗನು ಅದನ್ನು ಶುಭಾಶಯದ ಕಾಗದದಲ್ಲಿ ಕಂಡು ಬೆರಗಾಗಬಹುದು. ಆದರೆ ‘ಫುಕುರೋ’ ಎಂಬ ಅದರ ಹೆಸರನ್ನು ಕಷ್ಟವಿಲ್ಲದುದು ಎಂದೂ ಬಿಡಿಸಬಹುದು. ಚಿತ್ರವನ್ನಷ್ಟೇ ನೋಡುವವನಿಗೆ ಇದು ದಕ್ಕುವುದಿಲ್ಲ.

ಎರಡನೆಯದು ಔಚಿತ್ಯದ ವಿಚಾರ. ಇದಕ್ಕೆ ಹಣದ ಉಡುಗೊರೆಯನ್ನಿಟ್ಟು ಕೊಡುವ ಲಕ್ಕೋಟೆಗಿಂತ ಉತ್ತಮ ನಿದರ್ಶನವಿಲ್ಲ. ಅದರ ಬಲಗಡೆಯ ಮೇಲ್ಮೂಲೆಯಲ್ಲಿ ಕೆಂಪು ಬಿಳಿ ಕಾಗದದ ಮಡಿಕೆಯೊಳಗೆ ಹಳದಿಯ ಸಣ್ಣ ಪಟ್ಟಿಯೊಂದಿರುವುದು. ನೋಶಿ ಎಂಬ ಈ ಪಟ್ಟಿ ಮೂಲದಲ್ಲಿ ಅವಾಬಿಯೆಂಬ ಕಡಲ ಚಿಪ್ಪುಪ್ರಾಣಿಯ ಮಾಂಸವನ್ನು ತೆಳ್ಳಗೆ ಹಿಗ್ಗಿಸಿ ಒಣಗಿಸಿದುದು. ಆಮಿಷದ ಗುರುತಾದುದರಿಂದ ಶೋಕದ ಲಕ್ಕೋಟೆಗೆ ಸಲ್ಲದು. ನಡುವೆ ಮಿಜುಹಿಕಿ ಎಂಬ ಕಾಗದದ ಹುರಿ. ಬಿಚ್ಚಿ ಮತ್ತೆ ಕಟ್ಟಬಹುದಾದ ಚಿಟ್ಟೆಗಂಟು ಶಿಶುಜನನ, ಶಾಲಾಪ್ರವೇಶಗಳಂತೆ ಮರುಕಳಿಸಿದರೂ ಸಂತೋಷವೇ ಆದ ಸಂದರ್ಭಗಳಿಗೆ. ಬಿಚ್ಚಲು ಬಾರದ ಗಂಟು ಮದುವೆಗೆ. ಆದರೆ ಅದೇ ಗಂಟು, ಕೆಂಪು ಬಿಳಿಯ ಬದಲು ಕಪ್ಪು ಬಿಳಿಯ ಹುರಿಯಲ್ಲಿ, ಸಾವಿಗೂ ಸಲ್ಲುವುದು! ಹಾಗಾದರೆ ಗಂಟಿನ ಅರ್ಥ ಮಂಗಳವೂ ಅಲ್ಲ, ಅಮಂಗಳವೂ ಅಲ್ಲ. ಇದು ಒಮ್ಮೆ ಮಾತ್ರ ಆಗಲಿ ಎಂಬುದಷ್ಟೇ. ಲಕ್ಕೋಟೆಯ ಬೆನ್ನಿನ ಮಡಿಕೆಗೂ ಇಂತಹ ನಿಯಮವುಂಟು. ಶುಭಕ್ಕಾದರೆ ಕೆಳಗಿನ ಮಡಿಕೆಯು ಮೇಲಿನದನ್ನು ಮುಚ್ಚಬೇಕು, ಸುಖವನ್ನು ಬೊಗಸೆಯಲ್ಲಿ ಹಿಡಿದಂತೆ. ಶೋಕಕ್ಕಾದರೆ ಮೇಲಿನದು ಕೆಳಗಿನದನ್ನು.

ಅಗ್ಗದ ಲಕ್ಕೋಟೆಗಳಲ್ಲಿ ಹುರಿಯೂ ನೋಶಿಯೂ ಬರಿಯ ಅಚ್ಚಿನ ಚಿತ್ರಗಳು. ಅಚ್ಚಾದ ಗಂಟನ್ನು ಯಾರೂ ಬಿಚ್ಚಲಾರರು. ಆದರೂ ಮದುವೆಗೆ ಚಿಟ್ಟೆಗಂಟಿನ ಚಿತ್ರವನ್ನು ಕೊಡುವುದು ತಪ್ಪೆಂದೇ ಎಣಿಕೆ. ಆದುದರಿಂದ ಯಂತ್ರದ ಅಚ್ಚು ಚಿಹ್ನೆಗಳ ಜೀವವನ್ನು ತೆಗೆಯಿತೆಂಬ ಆಕ್ಷೇಪ ಪೂರ್ಣವಾಗಿ ನಿಲ್ಲಲಾರದು. ಜೀವ ಹೋಗುವುದು ಸಂದರ್ಭವು ಹೋದಾಗ.

ಸಂದರ್ಭವನ್ನು ತಿಳಿದೇ ಬಿಟ್ಟವರೂ ಉಂಟು. ಎದೋ ಕಾಲದಿಂದ ಮರದ ಅಚ್ಚಿನಲ್ಲಿ ಮುದ್ರಿತವಾಗುತ್ತ ಬಂದ ಚಿಯೊಗಾಮಿ ಎಂಬ ಚಿತ್ತಾರದ ಕಾಗದವನ್ನು ಚಿತ್ರಕಾರ ತಾಕೆಹಿಸಾ ಯುಮೆಜಿ (1884–1934) ಹೊಸದಾಗಿ ಬರೆದನು. 1914ರಲ್ಲಿ ತೋಕಿಯೋದ ನಿಹೊನ್‌ಬಾಶಿಯಲ್ಲಿ ತೆರೆದ ಮಿನಾತೊಯಾ ಎಂಬ ಅಂಗಡಿಯಲ್ಲಿ ಅವನು ತನ್ನ ಚಿತ್ರಗಳುಳ್ಳ ಓಲೆಗಾಗದ, ಲಕ್ಕೋಟೆಗಳನ್ನು ಮಾರಿದನು. ಅವನ ಕಾಗದಗಳಲ್ಲಿ ಅಣಬೆಯಂತಹ ವಸ್ತುಗಳೂ ಚಿತ್ತಾರವಾದುವು. ಅಣಬೆ ಯಾರಿಗೂ ಆಯುಸ್ಸನ್ನು ಹಾರೈಸುವುದಿಲ್ಲ. ಬರೆದವನಿಗೆ ಅದು ಮೆಚ್ಚಿಗೆಯಾಯಿತು, ಅಷ್ಟೇ. ಇದನ್ನು ಸಂಪ್ರದಾಯಭಂಗವೆನ್ನುವುದಕ್ಕಿಂತ ಪ್ರಾಮಾಣಿಕತೆಯೆನ್ನುವುದು ಮೇಲು.

ಹಳೆಯ ಚಿಹ್ನೆಯನ್ನೇ ಇಟ್ಟುಕೊಂಡು ಅದರ ಮಾತನ್ನು ಮರೆತ ಕಾಗದದ ವಿಷಯವಾಗಿ ಹೀಗೆ ಹೇಳಲಾಗದು. ಯಾಗಾಸುರಿ ಎಂಬ ಬಾಣದ ಗರಿಗಳ ವಿನ್ಯಾಸ ಕಣ್ಣಿಗೆ ಬಹು ಚೆಲುವಾದುದು. ಕೈಪಿಡಿಗಳು ಅದನ್ನು ವಿವಾಹಮಂಗಳದ ಗುರುತೆನ್ನುವುವು. ಬಿಟ್ಟ ಬಾಣ ಮರಳಿ ಬಾರದು. ಹಾಗೆಯೇ ಮದುವೆಯಾಗಿ ಹೋದವಳೂ ತವರಿಗೆ ಮರಳದಿರಲೆಂದು ಎದೋ ಕಾಲದಲ್ಲಿ ಮಗಳಿಗೆ ಈ ವಿನ್ಯಾಸದ ಉಡುಪನ್ನು ಕೊಡುತ್ತಿದ್ದರು. ಆ ಹಾರೈಕೆಯೊಳಗಿನ ಕಾಠಿನ್ಯವನ್ನು ‘ಮಂಗಳ’ವೆಂಬ ಒಂದು ಪದ ಮುಚ್ಚಿಬಿಡುವುದು. ಒಂದೇ ಓಲೆಗಾಗದದ ಅಂಚಿನಲ್ಲಿ ಕಪ್ಪೆಯೂ ಬಾಣದ ಗರಿಯೂ ಜೊತೆಯಾಗಿ ಅಚ್ಚಾದರೆ, ಒಂದು ಹೋದವರು ಮರಳಿ ಬರಲೆನ್ನುವುದು, ಇನ್ನೊಂದು ಹೋದವಳು ಮರಳಿ ಬಾರದಿರಲೆನ್ನುವುದು.