ಕ್ಯಾಸೆಟ್ ಡಬ್ಬಿಯ ಅಳತೆಯ ವಾಕ್‌ಮನ್

1979ರ ಜುಲೈ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿಯ ಮೊದಲ ವಾಕ್‌ಮನ್ ಟಿಪಿಎಸ್-ಎಲ್2 ಎರಡು ಪೆನ್ಸಿಲ್ ಸೆಲ್‌ಗಳ ಮೇಲೆ ಓಡುತ್ತಿತ್ತು. ನಾಲ್ಕೇ ವರ್ಷಗಳಲ್ಲಿ, 1983ರಲ್ಲಿ, ಡಬ್ಲ್ಯುಎಂ-20 ಬಂತು. ಗಾತ್ರ, ಕ್ಯಾಸೆಟ್ಟಿನ ಪ್ಲಾಸ್ಟಿಕ್ ಡಬ್ಬಿಯಷ್ಟೇ! ಹಳೆಯ ಪ್ಲೇಯರುಗಳ ಸಂಗ್ರಹಕಾರರು ಇದಕ್ಕೆ ಮನಸೋಲುವುದು ಸುಮ್ಮನಲ್ಲ.

ಕ್ಯಾಸೆಟ್ಟಿನ ಉದ್ದವೇ ಸುಮಾರು 10 ಸೆಂ.ಮೀ., ಅಗಲ 6.4 ಸೆಂ.ಮೀ. ಅದನ್ನು ಕುಗ್ಗಿಸುವಂತಿಲ್ಲ. ಹಾಗಾದರೆ ಮೋಟಾರು, ಹೆಡ್ಡು, ಬ್ಯಾಟರಿಗೆ ಜಾಗವೆಲ್ಲಿ? ಎಂಜಿನಿಯರುಗಳು ಮೋಟಾರನ್ನು ತೆಳ್ಳಗೆ ಚಪ್ಪಟೆಯಾಗಿಸಿದರು. ಎರಡು ಸೆಲ್ ಮಾಡುತ್ತಿದ್ದ ಕೆಲಸವನ್ನು ಒಂದಕ್ಕೇ ವಹಿಸಿದರು. ಎಲ್ಲಕ್ಕಿಂತ ಸೊಗಸಾದದ್ದು ಜಾರುವ ಮೈ: ಬೆಂಕಿಪೊಟ್ಟಣದಂತೆ ಎಳೆದರೆ ಉದ್ದವಾಗಿ ಕ್ಯಾಸೆಟ್ಟಿಗೆ ಜಾಗ ಕೊಡುತ್ತದೆ, ಕ್ಯಾಸೆಟ್ ಇಲ್ಲದಾಗ ಮತ್ತೆ ಮುಚ್ಚಿಕೊಂಡು ಪುಟ್ಟದಾಗುತ್ತದೆ.

ಇಷ್ಟು ಇಕ್ಕಟ್ಟಿನಲ್ಲೂ ಟೇಪು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ ಒಂದೇ ಸಮನೆ ಸಾಗಬೇಕು; ಕೊಂಚ ತಡವರಿಸಿದರೂ ಶ್ರುತಿ ಕೆಡುತ್ತದೆ. ಆದರೆ ದಶಕಗಳ ನಂತರ, ಮೋಟಾರಿನ ತಿರುಗಾಟವನ್ನು ಟೇಪಿಗೆ ಮುಟ್ಟಿಸುವ ರಬ್ಬರ್ ಬೆಲ್ಟು ಸಡಿಲವಾಗುತ್ತದೆ, ಇಲ್ಲವೇ ಕರಗಿ ಅಂಟಾಗುತ್ತದೆ. ಸಂಗ್ರಹಕಾರರು ಆ ಅಂಟನ್ನು ಸ್ಪಿರಿಟ್ಟಿನಿಂದ ಒರೆಸಿ, ಹೊಸ ಬೆಲ್ಟು ಹಾಕಿ, ಪರೀಕ್ಷಾ ಟೇಪಿನ ಸ್ವರ ಕೇಳಿಸಿಕೊಂಡು ವೇಗ ಹೊಂದಿಸುತ್ತಾರೆ. ಕೈ ಸ್ವಲ್ಪ ಜಾರಿದರೂ ತೆಳು ತಂತಿ ಕಿತ್ತುಬರುವ ಭಯವಿರುವುದರಿಂದ ಇದು ಗಡಿಬಿಡಿಯವರ ಕೆಲಸವಲ್ಲ.

ಬರಿಯ ಅಪರೂಪಕ್ಕಾಗಿ ಇವನ್ನು ಕಪಾಟಿನಲ್ಲಿ ಇಡುವವರಿಗಿಂತ ದುರಸ್ತಿ ಮಾಡಿ ಹಾಡು ಕೇಳುವವರೇ ನನಗೆ ಹೆಚ್ಚು ಇಷ್ಟ. ಯಂತ್ರ ಕಟ್ಟಿದವರ ಜಾಣ್ಮೆಗೆ ನಿಜವಾದ ಗೌರವ ಸಲ್ಲುವುದು ಅದು ಓಡಿದಾಗಲೇ.